ಸೊನ್ನೆ ಕಂಡರೆ ಹೆದರುವ ರಂಜಿತ

ಬೆಳಗಿನ ಆರು ಗಂಟೆ. ಸಂತೆಬಾಚಹಳ್ಳಿ ಹತ್ತಿರದ ಹಾಲು ಶೀತಲೀಕರಣ ಕೇಂದ್ರದ ಕಂಪ್ರೆಸರ್ ಕೋಣೆಯಲ್ಲಿ ರಂಜಿತ ಏಣಿ ಹತ್ತಿ ನಿಂತಿದ್ದಾರೆ. ಗೋಡೆಯ ಮೇಲಿನ ಗ್ಯಾಸ್ ಡಿಟೆಕ್ಟರಿನ ಬಾಯಿಗೆ ಪುಟ್ಟ ಸಿಲಿಂಡರಿನ ಪೈಪು ಹಿಡಿದಿದ್ದಾರೆ. ಇಲ್ಲಿ ಹಾಲು ತಣಿಸಲು ಬಳಸುವ ಅಮೋನಿಯಾ ಅನಿಲವನ್ನೇ ಪರೀಕ್ಷೆಗೆಂದು ತಂದಿದ್ದಾರೆ, ಅದು ಸುಯ್ಯೆನ್ನುತ್ತಿದೆ. ಪರದೆಯ ಮೇಲೆ ಮಾತ್ರ ಸೊನ್ನೆ.

"ಸೊನ್ನೆ ಅಂದ್ರೆ ಒಳ್ಳೇದಲ್ವೇನವ್ವ?" ಎಂದು ಕೆಳಗಿನಿಂದ ಕೇಳುವವರು ಇಪ್ಪತ್ತು ವರ್ಷದಿಂದ ಇಲ್ಲಿ ಆಪರೇಟರಾಗಿರುವ ದಾಸಯ್ಯ. ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತ್ತು.

"ಗ್ಯಾಸು ಬುಟ್ರೂ ಸೊನ್ನೆ ಅಂದ್ರೆ, ನಾಳೆ ಸೋರಿದ್ರೂ ಇದು ಕೂಗಕಿಲ್ಲ ಕಣಣ್ಣ."

ತೊಣ್ಣೂರು ಪಕ್ಕದ ಹಳ್ಳಿಯ ರಂಜಿತ ಐಟಿಐ ಓದಿದವರು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಅರವತ್ತನಾಲ್ಕು ಡಿಟೆಕ್ಟರುಗಳು ಇವರ ಪಾಲಿಗಿವೆ. ಸ್ಕೂಟರಿನಲ್ಲಿ ದಿನಕ್ಕೆ ಎಂಬತ್ತು ಕಿಲೋಮೀಟರು. "ಗ್ಯಾಸ್ ಕೆಲ್ಸ ಅಂದ್ರೆ, ನಮ್ಮನೆ ಸಿಲಿಂಡ್ರು ಯಾವಾಗ ಬತ್ತದೆ ಅಂತ ಕೇಳ್ತಾರೆ ಸಾ!" ಎಂದು ನಗುತ್ತಾರೆ.

ಇವತ್ತು ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಗ್ಯಾಸನ್ನು ಗುರುತಿಸುವ ಬಿಲ್ಲೆ, ಅಂದರೆ ಸೆಲ್, ಮೊನ್ನೆಯಷ್ಟೇ ಹೊಸದು ಹಾಕಿದ್ದಾರೆ. ವೈರು ಸರಿಯಿದೆ. ಸಿಲಿಂಡರು ಖಾಲಿಯೇ ಎಂದರೆ, ಕೈಮೀಟರು ಅದೇ ಗ್ಯಾಸಿಗೆ ಮೂವತ್ತು ತೋರಿಸುತ್ತಿದೆ. ಹಾಗಾದರೆ ತಪ್ಪೆಲ್ಲಿ? ನನಗಂತೂ ತಲೆಬುಡ ತಿಳಿಯುತ್ತಿಲ್ಲ. ರಂಜಿತ ಅವರಿಗೂ ಅಷ್ಟೇ.

ಮೇಲ್ವಿಚಾರಕ ನಾಗರಾಜು ಗಡಿಯಾರ ನೋಡುತ್ತಾರೆ. "ಹಾಲು ಕೆಡ್ತದೆ ಕಣಮ್ಮ, ಮಿಷನ್ ಶುರು ಮಾಡ್ಬೇಕು. ಸೋರಿದ್ರೆ ದಾಸಯ್ಯನ ಮೂಗಿಗೆ ಗೊತ್ತಾಗಲ್ವಾ?"

"ಗೊತ್ತಾಗೋ ಒತ್ಗೆ ಉಸ್ರು ಕಟ್ಟಿರ್ತದೆ ಸಾ. ಇದು ಕೂಗೋಗಂಟ ಯಾರೂ ಒಳಗೆ ಕೂರಂಗಿಲ್ಲ."

ಮತ್ತೆ ಎಲ್ಲ ಬಿಚ್ಚುತ್ತಾರೆ. ಈ ಸಲ ಸೆಲ್ಲಿನ ಮುಂದಿನ ಜಾಲರಿ ಮುಚ್ಚಳವನ್ನೂ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಬೆಳಕು ತೂರುವುದೇ ಇಲ್ಲ! ಉಗುರಿನಿಂದ ಕೆರೆದರೆ ಒಣಗಿದ ಗಂಧ ಉದುರುತ್ತದೆ. ಆಯುಧಪೂಜೆಯ ದಿನ ದಾಸಯ್ಯ ಕಂಪ್ರೆಸರಿಗೆ ಹಚ್ಚಿದಂತೆ ಇದಕ್ಕೂ ಭಕ್ತಿಯಿಂದ ಗಂಧ ಹಚ್ಚಿದ್ದರು. ಮರುದಿನ ಹೊರಗಿನದನ್ನು ಒರೆಸಿದರು. ಒಳಗಿನದು ಜಾಲರಿಯಲ್ಲೇ ಗಟ್ಟಿಯಾಯಿತು.

"ನಮ್ಮನ್ನ ಕಾಯೋದು ಅಂತ ಹಚ್ದೆ ಕಣವ್ವ," ದಾಸಯ್ಯನವರ ಮುಖ ಸಪ್ಪಗಾಗುತ್ತದೆ.

ಹೊಸ ಮುಚ್ಚಳ ಹಾಕಿ ಗ್ಯಾಸು ಬಿಟ್ಟದ್ದೇ ತಡ, ಸೈರನ್ನು ಕಿವಿ ಹರಿಯುವಂತೆ ಅರಚುತ್ತದೆ. ನನಗೆ ಜೀವ ಬಂದಂತಾಯಿತು.

"ಪೂಜೆ ಮಾಡ್ದೋರ ತಪ್ಪು ಅಂತ ರಿಜಿಸ್ಟರ್‌ನಲ್ಲಿ ಬರೀರಿ," ಎನ್ನುತ್ತಾರೆ ನಾಗರಾಜು. ರಂಜಿತ ಬರೆಯುವುದು ಬೇರೆಯೇ: 'ಮೊನ್ನೆ ಹಳೇ ಮುಚ್ಚಳವನ್ನೇ ಹಾಕಿ, ಗ್ಯಾಸಿನಿಂದ ಪರೀಕ್ಷಿಸದೆ ಹೋದದ್ದು ನನ್ನ ತಪ್ಪು.' ಅಂದು ಸಿಲಿಂಡರು ಮುಗಿದಿತ್ತಂತೆ. ಆ ನೆಪವನ್ನು ಅವರು ಬರೆಯಲಿಲ್ಲ.

"ಎಲ್ಡು ದಿನ ದಾಸಣ್ಣ ಇದ್ನೇ ನಂಬ್ಕಂಡು ಒಳ್ಗೇ ಕೂತಿದ್ರು ಸಾ," ಎನ್ನುತ್ತಾ ರಂಜಿತ ರಿಜಿಸ್ಟರ್ ಮುಚ್ಚುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದೆ. ಸಂಬಳ, ಬಡ್ತಿ ಅನ್ನಬಹುದೆಂದುಕೊಂಡಿದ್ದೆ.

"ಬರೋ ವರ್ಸ ದಾಸಣ್ಣ ರಿಟೈರಾಯ್ತಾರೆ. ಬಾಡೂಟ ಆಕುಸ್ತೀನಿ ಅಂದವ್ರೆ. ಅವ್ರು ಕೈಯಾರೆ ಬಡುಸ್ಬೇಕು, ನಾನು ಉಣ್ಬೇಕು. ಅಷ್ಟೇ ಸಾ."