ತೆರೆದ ರಕ್ತನಾಳದ ಮೇಲೆ ಚೆನ್ನಯನ ಅನುಮಾನ

ಚೆನ್ನಯನಿಗೆ ಯಾರ ಮೇಲೂ ಸುಲಭವಾಗಿ ನಂಬಿಕೆ ಹುಟ್ಟುತ್ತಿರಲಿಲ್ಲ. ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಅವನು ಮ್ಯಾನೇಜರು. ಹಾಲು ಬಂದರೆ ನೀರು ಬೆರೆಸಿದ್ದಾರೆಯೇ ಎಂದು ನೋಡುವನು, ಗ್ಯಾಸ್ ಸಿಲಿಂಡರನ್ನು ಎತ್ತಿ ಅಲ್ಲಾಡಿಸುವನು. ಕುಂದಾಪುರದಿಂದ ಬಂದವನಿಗೆ ಈ ಊರು ಮೊದಲು ಕಲಿಸಿದ್ದೇ ಅದು.

ಒಂದು ಭಾನುವಾರ ಬೆಳಿಗ್ಗೆ ಗಲ್ಲಾದಲ್ಲಿ ಕೂತಿದ್ದಾಗ ಎದೆ ಉರಿಯತೊಡಗಿತು. ಲಿಂಬೆ ಸೋಡಾ ಕುಡಿದರೂ ಇಳಿಯಲಿಲ್ಲ. ಹೆಂಡತಿ ಲೋಲಾಕ್ಷಿ ಬಂದು, ಗದರಿಸಿ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದಳು. ಇಸಿಜಿ ನೋಡಿದ ಡಾಕ್ಟರು, "ಹಾರ್ಟ್ ಅಟ್ಯಾಕ್. ತಡ ಮಾಡದೆ ಥಾಣೆಯ ದೊಡ್ಡಾಸ್ಪತ್ರೆಗೆ ಹೋಗಿ," ಎಂದರು.

ಹೊರಗೆ ಬಂದದ್ದೇ ಚೆನ್ನಯ ಹೆಂಡತಿಯ ಮೇಲೆ ರೇಗಿದ. "ಇವರೆಲ್ಲ ದೊಡ್ಡಾಸ್ಪತ್ರೆಯವರ ಜೊತೆ ಸೇರಿಕೊಂಡವರು. ಆಸಿಡಿಟಿಗೆ ಎಂತ ಆಸ್ಪತ್ರೆ ಮಾರಾಯ್ತಿ?"

ಮನೆಗೆ ಹೋಗಿ ಮಲಗಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಬನಿಯನ್ ಬೆವರಿನಲ್ಲಿ ತೊಯ್ದು, ಎಡಗೈ ಎತ್ತಲಾಗದೆ ಹೋದಾಗ ಮಗಳು ಮಾನಸಿ ಆಂಬ್ಯುಲೆನ್ಸ್ ಕರೆಸಿದಳು.

ಥಾಣೆಯ ಆಸ್ಪತ್ರೆಯಲ್ಲಿ ಮುಚ್ಚಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ನಡೆಯುವಾಗ ಅವನಿಗೆ ಎಚ್ಚರವಿತ್ತು. "ನಾಳ ತೆರೆಯಿತು," ಎಂದು ಯಾರೋ ಹೇಳಿದ್ದು ಕೇಳಿಸಿತು. ಆಮೇಲೆ ಏನೂ ನೆನಪಿಲ್ಲ. ಎದ್ದಾಗ ಎದೆಯ ಚರ್ಮ ಕೆಂಪಾಗಿತ್ತು. ರಕ್ತ ಹರಿದ ಕೂಡಲೇ ಹೃದಯ ತಾಳ ತಪ್ಪಿ ಅದುರತೊಡಗಿತು, ಶಾಕ್ ಕೊಟ್ಟು ಉಳಿಸಿದರು ಎಂದು ಲೋಲಾಕ್ಷಿ ಹೇಳಿದಳು.

ಅಲ್ಲಿಂದ ಅವನ ತಲೆಯೊಳಗೆ ಹುಳ ಹೊಕ್ಕಿತು. ಒಳಗೆ ಹೋಗುವಾಗ ಮಾತಾಡುತ್ತಿದ್ದೆ. ಇವರು ಮುಟ್ಟಿದ ಮೇಲೆ ಹೃದಯ ಕೆಟ್ಟಿತು. ಏನೋ ಎಡವಟ್ಟು ಮಾಡಿ ಮುಚ್ಚಿಡುತ್ತಿದ್ದಾರೆ! ನರ್ಸಮ್ಮನನ್ನು ಕೇಳಿದ, ನೆಲ ಒರೆಸುವವನನ್ನೂ ಕೇಳಿದ. ಇಬ್ಬರೂ ನಕ್ಕದ್ದು ಅನುಮಾನವನ್ನು ಇನ್ನಷ್ಟು ಬೆಳೆಸಿತು. ಮಾತ್ರೆ ನುಂಗದೆ ದಿಂಬಿನಡಿ ಇಟ್ಟ.

ಅದನ್ನು ಕಂಡ ಮಾನಸಿಗೆ ಸಿಟ್ಟು ಬಂತು. "ಪಪ್ಪಾ, ಸೀದಾ ಡಾಕ್ಟರ್ ಕೋ ಹೀ ಪೂಛೋ ನಾ!" ನೇರ ಡಾಕ್ಟರನ್ನೇ ಕೇಳಬಾರದೇ ಎಂದು ಗದರಿದಳು.

ಆಂಜಿಯೋಪ್ಲಾಸ್ಟಿ ಮಾಡಿದ ಡಾಕ್ಟರ್ ಹರ್ಷಿತಾ ಮೈಸೂರಿನವರು. ಅವನ ಪ್ರಶ್ನೆ ಕೇಳಿ ಸ್ಟೂಲು ಎಳೆದುಕೊಂಡು ಕೂತರು.

"ರಕ್ತ ಬರುವುದು ನಿಂತರೆ ಹೃದಯದ ಸ್ನಾಯುವಿನಲ್ಲಿ ಆಮ್ಲ ಸೇರುತ್ತಾ ಹೋಗುತ್ತೆ."

"ಕೇಳಿದೆಯಾ?" ಚೆನ್ನಯ ಹೆಂಡತಿಯ ಕಡೆ ತಿರುಗಿದ. "ಆಸಿಡಿಟಿ ಅಂತ ನಾನು ಹೇಳಿದ್ದು!"

"ಅದು ಹೊಟ್ಟೆಯದಲ್ಲ ಸರ್, ಸ್ನಾಯುವಿನ ಕೋಶಗಳ ಒಳಗಿಂದು. ನಾಳ ತೆರೆದಾಗ ಹೊಸ ರಕ್ತ ಹೊರಗಿನ ಆಮ್ಲವನ್ನು ತೊಳೆದುಬಿಡುತ್ತೆ. ಒಳಗಿನದು ಉಳಿದಿರುತ್ತೆ. ಅದನ್ನು ಹೊರಗೆ ತಳ್ಳೋಕೆ ಕೋಶ ಸೋಡಿಯಂ ಒಳಗೆ ಬಿಟ್ಟುಕೊಳ್ಳುತ್ತೆ, ಆ ಸೋಡಿಯಂ ಕಳಿಸೋಕೆ ಹೋಗಿ ಕ್ಯಾಲ್ಸಿಯಂ ತುಂಬಿಕೊಳ್ಳುತ್ತೆ. ಕ್ಯಾಲ್ಸಿಯಂ ಅತಿಯಾದರೆ ತಾಳ ತಪ್ಪಬಹುದು. ನಿಮಗೆ ಆಗಿದ್ದು ಹೆಚ್ಚು ಕಡಿಮೆ ಹೀಗೆ. ಎಲ್ಲರಿಗೂ ಆಗಲ್ಲ. ಆದರೆ ಆಗಬಹುದು ಅಂತ ಗೊತ್ತಿದ್ದೇ ಶಾಕ್ ಯಂತ್ರ ಪಕ್ಕದಲ್ಲಿಟ್ಟುಕೊಂಡಿರುತ್ತೇವೆ."

ಚೆನ್ನಯ ಅವರ ಮುಖವನ್ನೇ ದಿಟ್ಟಿಸಿದ. "ಹಾಗಾದ್ರೆ ತೆರೆಯದೇ ಬಿಟ್ಟಿದ್ರೆ ಒಳ್ಳೇದಿತ್ತಲ್ಲ ಡಾಕ್ಟ್ರೇ?"

"ಬಿಟ್ಟಿದ್ದರೆ ಆ ಭಾಗದ ಸ್ನಾಯು ಪೂರ್ತಿ ಸಾಯುತ್ತಿತ್ತು. ಈಗಲೂ ಸ್ವಲ್ಪ ಸತ್ತಿದೆ. ಬೆಳಿಗ್ಗೆಯೇ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು."

ಲೋಲಾಕ್ಷಿ ಗಂಡನ ಕಡೆ ತಿರುಗಿದಳು. "ನೀವು ಎಲ್ಲರನ್ನೂ ಅನುಮಾನಿಸ್ತೀರಿ. ನಿಮ್ಮ ಬುದ್ಧಿಯನ್ನು ಒಂದು ಸಲವಾದ್ರೂ ಅನುಮಾನಿಸಿದ್ದುಂಟಾ?" ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ವರಾಂಡಕ್ಕೆ ಹೋದಳು.

ಚೆನ್ನಯ ದಿಂಬಿನಡಿಯ ಮಾತ್ರೆಗಳನ್ನು ತೆಗೆದು ಡಾಕ್ಟರ ಕೈಗಿಟ್ಟ. ಅವರು ಬೈಯಲಿಲ್ಲ, ನರ್ಸಮ್ಮನಿಂದ ಆ ಹೊತ್ತಿನ ಮಾತ್ರೆ ತರಿಸಿದರು. ಅದು ಯಾತಕ್ಕೆ ಎಂದು ಕೇಳಿ ತಿಳಿದುಕೊಂಡೇ ನುಂಗಿದ.

ಈಗ ಅವನು ಅರ್ಧ ದಿನ ಮಾತ್ರ ಕೆಲಸಕ್ಕೆ ಹೋಗುತ್ತಾನೆ. ಸ್ಟೇಷನ್ನಿನ ಬ್ರಿಜ್ ಹತ್ತುವಾಗ ನಡುವೆ ನಿಂತು ಉಸಿರು ತಿರುಗಿಸಿಕೊಳ್ಳಬೇಕು. ಹಿಂದಿನ ಗುಂಪು ಗೊಣಗಿದರೆ ಜೊತೆಗಿರುವ ಲೋಲಾಕ್ಷಿ ಕೈ ಅಡ್ಡ ಹಿಡಿದು, "ಥಾಂಬಾ, ಪೇಷಂಟ್ ಆಹೇತ್," ನಿಲ್ಲಿ, ಇವರು ಪೇಷಂಟ್, ಎಂದು ಮರಾಠಿಯಲ್ಲಿ ಹೇಳುತ್ತಾಳೆ.