ಉಪ್ಪಿಲ್ಲದ ಕೋಡುಬಳೆಯ ಚರಿತ್ರೆ

ನಮ್ಮ ಕೋಡುಬಳೆ ಕಂಪನಿಯ ಚರಿತ್ರೆ ಬರೆಯುವ ಕೆಲಸವನ್ನು ಯಜಮಾನರು ನನಗೆ ಒಪ್ಪಿಸಿದಾಗ ಕಾರ್ಖಾನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಾನು ಸಾಹಿತಿಯೆಂದು ನಾನೇ ಸಾರಿಕೊಂಡು ತಿರುಗುತ್ತಿದ್ದೆನಲ್ಲ. ಪ್ಯಾಕೆಟ್ಟಿನ ಮೇಲಿನ ನಾಲ್ಕು ಸಾಲಿನ ಪದ್ಯ ನನ್ನದು. ಪ್ಯಾಕೆಟ್ಟು ಹರಿಯುವಾಗ ಮೊದಲು ಹರಿಯುವುದೂ ಅದೇ.

ತಿ. ನರಸೀಪುರದ ಬಸ್ ನಿಲ್ದಾಣದ ಪಕ್ಕದ ಒಂದು ಒಲೆ, ಒಂದು ಬಾಣಲೆ ನಂಜನಗೂಡಿನಲ್ಲಿ ಶೀಟು ಹೊದಿಸಿದ ಕಾರ್ಖಾನೆಯಾಗುವವರೆಗೆ ಸಲೀಸಾಗಿ ಬರೆದೆ. 'ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ' ಎಂದು ಭರ್ಜರಿಯಾಗಿ ಶುರುಮಾಡಿದ್ದೆ. ಆ ಉಪ್ಪೇ ಆಮೇಲೆ ಗಂಟಲಿಗೆ ಸಿಕ್ಕಿತು.

ಮೂರು ವರ್ಷದ ಹಿಂದೆ ಗಣಪತಿ ಪೆಂಡಾಲಿನವರು ನೈವೇದ್ಯಕ್ಕೆಂದು ಕೋಡುಬಳೆ ಹೇಳಿದ್ದರು. ನೈವೇದ್ಯದ್ದನ್ನು ನಮ್ಮಲ್ಲಿ ಯಾರೂ ರುಚಿ ನೋಡುವುದಿಲ್ಲ, ಎಂಜಲಾಗುತ್ತದೆ. ಉಪ್ಪು, ಖಾರದ ಪುಡಿ ತೂಗಿ ಒಂದೇ ಡಬರಿಯಲ್ಲಿ ಬೆರೆಸಿ ಕೊಡುವುದು ನನ್ನ ಕೆಲಸ. ಹಿಟ್ಟು ಕಲಸುತ್ತಿದ್ದವರು ಕಳಲೆಯಿಂದ ಬರುವ ಅಕ್ಕ, ಆ ಮೊದಲ ಒಲೆಯ ಕಾಲದಿಂದಲೂ ಇದ್ದವರು. ಅಂದು ನಾನು ಪದ್ಯದ ಕೊನೆಯ ಪ್ರಾಸಕ್ಕೆ ತಡಕಾಡುತ್ತಾ ಬರೀ ಖಾರದ ಪುಡಿ ಕಳಿಸಿಬಿಟ್ಟೆ. ತೂಗಿಟ್ಟ ಉಪ್ಪು ಪದ್ಯದ ಹಾಳೆ ಹಾರದಂತೆ ಮೇಜಿನ ಮೇಲೆ ಕೂತಿತ್ತು.

ಗಣಪತಿ ಏನೂ ಅನ್ನಲಿಲ್ಲ. ಭಕ್ತರು ಬಿಡುತ್ತಾರೆಯೇ? ಯಜಮಾನರು ವಿಚಾರಿಸಿದಾಗ, "ಉಪ್ಪು ಬೆರೆಸಿಯೇ ಕೊಟ್ಟೆ ಸಾರ್" ಎಂದೆ. ಹಾಗಾದರೆ ಅಕ್ಕನೇ ಬರೀ ಖಾರದ ಪುಡಿಯಿದ್ದ ಪಕ್ಕದ ಡಬರಿ ಎತ್ತಿಕೊಂಡಿರಬೇಕು, ವಯಸ್ಸಾಯಿತು ಎಂದು ತೀರ್ಮಾನವಾಗಿ ಅವರನ್ನು ಪ್ಯಾಕಿಂಗಿಗೆ ಹಾಕಿದರು. ಅಂದಿನಿಂದ ಅವರು ನನ್ನ ಪದ್ಯವಿರುವ ಪ್ಯಾಕೆಟ್ಟುಗಳಿಗೆ ಸೀಲು ಹಾಕುತ್ತಿದ್ದರು. ನಾಚಿಕೆಯಿಂದ ನಾನು ಆ ಕೋಣೆಯ ಕಡೆ ಹೋಗುವುದನ್ನೇ ಬಿಟ್ಟೆ.

ಚರಿತ್ರೆಯಲ್ಲಿ 'ಒಮ್ಮೆ ತಾಂತ್ರಿಕ ದೋಷದಿಂದ ರುಚಿಯಲ್ಲಿ ಅಲ್ಪ ವ್ಯತ್ಯಾಸವಾಗಿತ್ತು' ಎಂದು ಬರೆದು ಕೈತೊಳೆದುಕೊಂಡೆ. ಓದು ಬಾರದ ಅಕ್ಕ ಊಟದ ಹೊತ್ತಿಗೆ ಡಬ್ಬಿ ಹಿಡಿದು ನನ್ನ ಮೇಜಿಗೇ ಬಂದರು.

"ನಮ್ ಕಂಪ್ನಿ ಕತೆ ಬರ್ದಿದ್ದೀರಂತಲ್ಲ ಸಾ. ವಸಿ ಓದಿ, ಕೇಳ್ತೀನಿ."

ಓದಿದೆ. ಆ ಸಾಲು ಬಂದಾಗ ಅವರ ತುತ್ತು ನಿಂತಿತು.

"ತಾಂತ್ರಿಕ ದೋಸ ಅಂದ್ರೆ ಯಾರು ಸಾ? ನಾನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕನ್ನಡಕ ಮುಟ್ಟಿ ನೋಡಿಕೊಂಡೆ. "ಅಲ್ಲ ಅಕ್ಕ, ನಾನು" ಎಂದೆ.

ಅವರು ಬೈಯಲಿಲ್ಲ. "ಅಂಗಂತ್ಲೇ ಬರೀರಿ ಮತ್ತೆ. ಮೂರೊರ್ಸದಿಂದ ಮನೇಲಿ ಸೊಸೆ ಸಾರಿಗೆ ಉಪ್ಪಾಕಾಕೂ ನನ್ನ ಬುಡಾಕಿಲ್ಲ" ಎಂದರು.

ಹಾಗೆಯೇ ಬರೆದೆ. ಯಜಮಾನರ ಮುಂದೆ ಅದನ್ನು ಓದಿದೆ. ಅವರು ನನ್ನ ಮುಖ ನೋಡಿ, "ಆವತ್ತೇ ಹೇಳಕ್ಕೇನಾಗಿತ್ರೀ ನಿಮ್ಗೆ?" ಎಂದು ಕೇಳಿದರು. ಇಷ್ಟುದ್ದ ಚರಿತ್ರೆ ಬರೆದ ಸಾಹಿತಿ ಹಾಳೆಗಳನ್ನು ಜೋಡಿಸಿಕೊಂಡು ಹೊರಬಿದ್ದ.

ಮರುದಿನ ಅಕ್ಕ ಮತ್ತೆ ಹಿಟ್ಟಿನ ಮುಂದೆ ಕೂತರು. ನಾನು ಎಂದಿನಂತೆ ಉಪ್ಪು ತೂಗಲು ಹೋದೆ. ಅವರು ಉಪ್ಪಿನ ಡಬ್ಬವನ್ನು ತಮ್ಮತ್ತ ಎಳೆದುಕೊಂಡರು.

"ನೀವು ಪದ್ಯ ಬರ್ಕಳಿ ಸಾ."