ಛತ್ರದಜ್ಜನ ಮೂರನೆಯ ಪಾಠ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಅದರಲ್ಲಿ ಎರಡನೆಯವರನ್ನು ನಂಬಿಕೊಂಡೇ ಹಲ್ಲಣ್ಣನ ಜೀವನ ಸಾಗುತ್ತಿತ್ತು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುವರು. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಸೆಟ್ಟು ಮಾಡಿ ವಾಪಸು ಕಳಿಸುವನು. ಯಾರ ಬಾಯಿ, ಎಂಥ ಮುಖ ಎನ್ನುವುದು ಅವನಿಗೆ ತಿಳಿಯುತ್ತಿರಲಿಲ್ಲ. ನಲವತ್ತು ದಾಟಿದ್ದ, ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರೂ ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು.

ಈ ಮನುಷ್ಯನಿಗೆ ಸಂಜೆಯಾದರೆ ಇನ್ನೊಂದು ಊರಿತ್ತು. ಎಲ್ಲೆಲ್ಲಿಯೋ ಇರುವ ಜನ ತಮ್ಮ ತಮ್ಮ ಕಂಪ್ಯೂಟರು, ಫೋನುಗಳಿಂದ ಬಂದು ಒಟ್ಟಿಗೆ ಆಡುವ ಆನ್‌ಲೈನ್ ಆಟದ ಊರು ಅದು. ಕೋಟೆ, ಸೇತುವೆ, ಬಂದರು, ಛತ್ರ ಎಲ್ಲ ಇದ್ದವು. ಅಲ್ಲಿ ಹೊಡೆಯುವುದು ಗೆಲ್ಲುವುದು ಮುಖ್ಯವಲ್ಲ. ಒಂದು ಪಾತ್ರ ಕಟ್ಟಿಕೊಂಡು, ಆ ಪಾತ್ರವೇ ಆಗಿ ಮಾತು ಬರೆಯಬೇಕು. ಹಲ್ಲಣ್ಣ ಅಲ್ಲಿ ಉದ್ದ ಗಡ್ಡದ ಛತ್ರದಜ್ಜ. ಹೊಸಬರು ಮೊದಲು ಬಂದಿಳಿಯುವುದು ಅವನ ಛತ್ರದಲ್ಲೇ. ಅವರಿಗೆ ಪಾತ್ರವಾಗುವುದನ್ನು ಕಲಿಸುವ ಕೆಲಸವನ್ನು ಯಾರೂ ಹೇಳದೆ ಅವನೇ ತಲೆ ಮೇಲೆ ಹಾಕಿಕೊಂಡಿದ್ದ. ಹೊರಗೆ ನಾಲ್ಕು ಜನರ ಮುಂದೆ ತುಟಿ ಬಿಚ್ಚದವನಿಗೆ ಅಲ್ಲಿ ಮಾತೇ ಮಾತು.

ಹೊಸಬರ ಕತೆ ಕೇಳಬೇಡಿ. ಬಂದವರಲ್ಲಿ ಅರ್ಧ ಜನ ಕಳೆದುಹೋದ ರಾಜಕುಮಾರರು, ಉಳಿದರ್ಧ ಶಾಪ ತಗುಲಿದ ಬೇಟೆಗಾರರು. ವೇಷವೇನೋ ಭರ್ಜರಿ, ಬಾಯಿ ಬಿಟ್ಟರೆ ಬಣ್ಣಗೇಡು. ಎಲ್ಲಿಂದ ಬಂದಿರಿ ಯಾತ್ರಿಕರೆ ಎಂದು ಅಜ್ಜ ಕೇಳಿದರೆ, ಆಫೀಸಿಂದ, ಟ್ರಾಫಿಕ್ ಜಾಸ್ತಿ ಇತ್ತು ಎನ್ನುವರು. ಇನ್ನು ಕೆಲವರು, ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುವಂತೆ, ಒಂದು ಲೋಟ ನೀರು ಕುಡಿಯುವುದಕ್ಕೂ ಒಂದು ಪುಟ ಬರೆಯುವರು. ಅಜ್ಜ ಯಾರನ್ನೂ ಗೇಲಿ ಮಾಡುತ್ತಿರಲಿಲ್ಲ. ಅವನದು ಮೂರೇ ಪಾಠ. ರಾಜನಾಗಬೇಡಿ, ಒಂದು ಕೈಕೆಲಸ ಬಲ್ಲವರಾಗಿ. ಸ್ವಂತ ಮಾತು ಆಡಲೇಬೇಕೆನಿಸಿದರೆ ಛತ್ರದ ಬಾವಿಯ ಹಿಂದೆ ಹೋಗಿ ನಿಲ್ಲಿ. ಪಾತ್ರ ಕಳಚುವುದಕ್ಕೆ ಇಡೀ ಊರಿನಲ್ಲಿ ಅದೊಂದೇ ಜಾಗ. ಮೂರನೆಯದು ಅವನ ಹೆಮ್ಮೆಯ ಪಾಠ. ಪಾತ್ರಕ್ಕೊಂದು ನೋವಿರಲಿ, ಅದಕ್ಕೆ ಅವಸರದಲ್ಲಿ ಮದ್ದು ಹುಡುಕಬೇಡಿ. ವಾಸಿಯಾದವನ ಕತೆಯನ್ನು ಯಾರೂ ಕೇಳುವುದಿಲ್ಲ.

ಮನೆಯಲ್ಲಿದ್ದದ್ದು ಅವನು ಮತ್ತು ಅವನ ಅಕ್ಕ. ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಅಕ್ಕ ಓದು ಬಿಟ್ಟು ಅವನನ್ನು ಸಾಕಿದಳು. ಆಮೇಲೆ ರೆಡಿಮೇಡ್ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಿರಾಕಿಗಳ ಪ್ಯಾಂಟಿನ ಕಾಲು ಮೊಟಕು ಮಾಡುತ್ತ, ಸೊಂಟ ಬಿಗಿ ಮಾಡುತ್ತ ವಯಸ್ಸು ಕಳೆದಳು. ತನಗೆ ಜ್ವರ ಬಂದರೂ ತಮ್ಮನಿಗೆ ಹೇಳಿದವಳಲ್ಲ. ಹೇಳಿದರೆ ಮಗು ಹೆದರುತ್ತದೆ ಎಂಬ ಅಂದಿನ ಅಭ್ಯಾಸ, ಮಗುವಿನ ತಲೆ ನರೆತರೂ ಹೋಗಿರಲಿಲ್ಲ. ಬಡಿಸಲಾ, ಬಡಿಸು, ಸಾಕಾ, ಸಾಕು: ದಿನಕ್ಕೆ ಇಬ್ಬರ ನಡುವಿನ ಮಾತು ಇಷ್ಟು. ಜಗಳವಿರಲಿಲ್ಲ, ಮುನಿಸಿರಲಿಲ್ಲ. ಆಡದೆ ಆಡದೆ ಮಾತು ಮರೆತುಹೋಗಿತ್ತು, ಅಷ್ಟೇ.

ಬೇಸಿಗೆಯ ಕೊನೆಯ ಒಂದು ಸಂಜೆ ಅಕ್ಕ ಅವನ ಕೋಣೆಯ ಬಾಗಿಲಿಗೆ ಒರಗಿ ನಿಂತು, ಪರದೆಯ ಮೇಲೆ ಅಜ್ಜ ಯಾರನ್ನೋ ಸಮಾಧಾನ ಮಾಡುತ್ತಿದ್ದುದನ್ನು ಬಹಳ ಹೊತ್ತು ಓದಿದಳು.

"ನಂಗೂ ಹೇಳ್ಕೊಡ್ತೀಯಾ ಪುಟ್ಟಾ?" ಎಂದಳು.

ಹಲ್ಲಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಅವಳ ಫೋನಿಗೆ ಆಟ ಹಾಕಿಕೊಟ್ಟ. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಒಂದೇ ಬೆರಳಲ್ಲಿ ಒತ್ತುವಳು, ಗೋಡೆಯ ಈಚೆ ಅವನು ಉತ್ತರಿಸುವನು. ಬಂದರಿನಲ್ಲಿ ಹಡಗಿನ ಹಾಯಿ ಹೊಲಿಯುವ ಹೆಂಗಸಾಗುತ್ತೇನೆ ಎಂದಳು. ಮೊದಲ ಪಾಠ ಹೇಳದೆಯೇ ಕಲಿತಳಲ್ಲ ಎಂದು ಅವನು ಹಿಗ್ಗಿದ. ಮನೆಯಲ್ಲಿ ಮೂಗಿಯಂತಿದ್ದವಳು ಅಲ್ಲಿ ಹಾಯಿಯಮ್ಮನಾಗಿ ಹರಿದುಬಿಟ್ಟಳು. ದಪ್ಪ ಬಟ್ಟೆಗೆ ಸೂಜಿ ಇಳಿಯದೆ ಹೆಬ್ಬೆರಳು ಜಡ್ಡುಗಟ್ಟಿದ್ದು, ಒಬ್ಬ ನಾವಿಕ ಬರುತ್ತೇನೆಂದು ಹೇಳಿ ಬಾರದೆ ಹೋದದ್ದು, ಒಬ್ಬ ತಮ್ಮನನ್ನು ಬೆಳೆಸಿದ್ದು. ಕೇಳಲು ಬೇರೆ ಆಟಗಾರರು ಛತ್ರದ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಇದೆಲ್ಲ ನನ್ನ ಪಾಠದ ಫಲ ಎಂದುಕೊಂಡ ಬೆಪ್ಪ.

ಮುಂಗಾರು ಹಿಡಿಯುವ ಮುಂಚೆ ಒಂದು ಸಂಜೆ ಹಾಯಿಯಮ್ಮ ಬರೆದಳು: "ಅಜ್ಜಾ, ಎಡಗೈ ಎತ್ತುವುದು ಕಷ್ಟ. ಎದೆಯ ಪಕ್ಕದಲ್ಲಿ, ಬಗಲ ಹತ್ತಿರ, ಒಂದು ಗಂಟಾಗಿದೆ. ನೋವಿಲ್ಲ. ನೋವಿಲ್ಲ ಎನ್ನುವುದೇ ಭಯ. ವೈದ್ಯರ ಹತ್ತಿರ ಹೋಗಲಾ?"

ಅಜ್ಜ ಗಡ್ಡ ನೀವಿಕೊಂಡ. "ಈಗಲೇ ಬೇಡ ತಾಯಿ. ಮಳೆಗಾಲ ಕಳೆಯಲಿ. ಇಷ್ಟು ಬೇಗ ವಾಸಿಯಾದರೆ ನಿನ್ನನ್ನು ಕೇಳುವವರು ಯಾರು?" ಎಂದು ಬರೆದ. ಮೆಟ್ಟಿಲ ಮೇಲಿದ್ದವರೆಲ್ಲ ಭೇಷ್ ಎಂದರು.

ಊಟಕ್ಕೆ ಕೂತಾಗ ಅವನಿಗೆ ಇನ್ನೂ ಅದೇ ಖುಷಿ. ಗಂಟಿನ ವಿಷಯ ಎಲ್ಲಿಂದ ತಂದೆ, ಬಹಳ ಚೆನ್ನಾಗಿತ್ತು ಎಂದ. ಅಕ್ಕ ಸೌಟು ಕೆಳಗಿಟ್ಟು ಅವನ ಮುಖ ನೋಡುತ್ತ ನಿಂತಳು.

"ಹಾಗೇ ಹೊಳೀತು," ಎಂದಳು. ಆಮೇಲೆ, ಸಾಕಾ ಎಂದು ಕೇಳಿದಳು. ಸಾಕು ಎಂದ.

ಒಂದು ಮೊಳ ದೂರದಲ್ಲಿ ಕೂತಿದ್ದ. ಕತ್ತೆತ್ತಿ ಒಂದು ಸಲ ಸರಿಯಾಗಿ ನೋಡಿದ್ದರೆ, ಅವಳು ಬಲಗೈಯಿಂದ ಎಡಗೈಯನ್ನು ಆನಿಸಿಕೊಂಡಿದ್ದು ಕಾಣುತ್ತಿತ್ತು. ಎದೆಯ ಗಂಟಿನ ಮಾತನ್ನು ತಾನೇ ಸ್ನಾನ ಮಾಡಿಸಿ ಬೆಳೆಸಿದ ತಮ್ಮನ ಮುಂದೆ ಆಡುವುದಕ್ಕೆ ಅವಳಿಗೆ ನಾಚಿಕೆ. ಅಜ್ಜನಾದರೆ ಪರವಾಗಿಲ್ಲ, ಅಜ್ಜ ಎಲ್ಲರನ್ನೂ ಕೇಳುತ್ತಾನೆ, ಎಲ್ಲರಿಗೂ ದಾರಿ ಹೇಳುತ್ತಾನೆ. ಆ ಧೈರ್ಯಕ್ಕಾಗಿಯೇ ಅವಳು ಆಟ ಕಲಿತದ್ದು.

ಇನ್ನೊಂದು ಪ್ರಯತ್ನವನ್ನೂ ಮಾಡಿದಳು, ಪಾಪ. ಮಳೆ ಜೋರಾಗಿದ್ದ ಒಂದು ಸಂಜೆ ಹಾಯಿಯಮ್ಮ ನೇರ ಬಾವಿಯ ಹಿಂದೆ ಹೋಗಿ ನಿಂತಳು. ಅಜ್ಜ ಆಗ ಹೊಸ ರಾಜಕುಮಾರರ ಗುಂಪೊಂದಕ್ಕೆ ನಮಸ್ಕಾರ ಮಾಡುವುದನ್ನು ಕಲಿಸುತ್ತಿದ್ದ. ಹಾಯಿಯಮ್ಮಾ, ಅಲ್ಲಿ ಸುಮ್ಮನೆ ನಿಲ್ಲಬಾರದು, ಹೊಸಬರಿಗೆ ತಪ್ಪು ಅಭ್ಯಾಸವಾಗುತ್ತದೆ, ಒಳಗೆ ಬಾ ಎಂದು ಎಲ್ಲರ ಎದುರಿಗೇ ಬರೆದ. ಅವಳು ಒಳಗೆ ಬಂದು, ಮಳೆಗೆ ಹಾಯಿ ನೆನೆದಿದೆ ಎಂದು ಬರೆದು ಒಂದು ಮೂಲೆಯಲ್ಲಿ ಕೂತಳು.

ಮಳೆಗಾಲ ಮುಗಿದ ಮೇಲೆ ಅಂಗಡಿಯಲ್ಲಿ ಅವಳ ಕೈಯಿಂದ ಕತ್ತರಿ ಜಾರಿತು, ಕೈ ಮೇಲೇಳಲಿಲ್ಲ. ಅಂಗಡಿಯ ಯಜಮಾನಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹಲ್ಲಣ್ಣನಿಗೆ ಫೋನ್ ಮಾಡಿದಳು. ಅವನು ಕೈಗೆ ಮೆತ್ತಿದ್ದ ಪ್ಲಾಸ್ಟರನ್ನೂ ತೊಳೆಯದೆ ಓಡಿದ. ವೈದ್ಯೆ ಪರೀಕ್ಷೆಗಳನ್ನೆಲ್ಲ ನೋಡಿ, ಅದು ಹರಡಿಬಿಟ್ಟಿದೆ ಎಂದರು. ಗಂಟು ಯಾವಾಗಿಂದ ಇದೆ ಎಂದು ಕೇಳಿದರು. ಮಳೆಗೆ ಮುಂಚಿನಿಂದ ಎಂದಳು ಅಕ್ಕ. ಮತ್ತೆ ಆಗಲೇ ಯಾಕಮ್ಮಾ ಬರಲಿಲ್ಲ ಎಂದು ವೈದ್ಯೆ ಬೇಸರದಿಂದ ಕೇಳಿದರು.

"ಒಬ್ರನ್ನ ಕೇಳ್ದೆ ಡಾಕ್ಟ್ರೇ," ಎಂದಳು ಅಕ್ಕ. "ಈಗ್ಲೇ ಬೇಡ, ಮಳೆಗಾಲ ಕಳೀಲಿ ಅಂದ್ರು."

ಅವಳು ತಮ್ಮನ ಕಡೆ ನೋಡಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವನು ಹಾಸಿಗೆಯ ಪಕ್ಕ ಕೂತು ಅತ್ತ, ಕಾಲು ಹಿಡಿದ. ಬಾಯಿಬಿಟ್ಟು ನಂಗೇ ಹೇಳಬಾರದಿತ್ತಾ ಅಕ್ಕಾ ಎಂದ. ಅವಳು ಅವನ ತಲೆ ಸವರಿ, "ನಿಂಗೇ ಹೇಳಿದ್ದಲ್ವಾ ಪುಟ್ಟಾ," ಎಂದಳು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಚಳಿ ಹೋಗುವ ಮುಂಚೆಯೇ ಅವಳು ಹೋದಳು.

ಇನ್ನು ಆಟ ಬಿಟ್ಟಾನು ಎಂದುಕೊಂಡರೆ ಬಿಡಲಿಲ್ಲ. ಖಾಲಿ ಮನೆಯಲ್ಲಿ ಬೇರೇನು ಮಾಡುವುದು ಅವನಿಗೆ ತಿಳಿಯಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಮೂರನೆಯ ಪಾಠವನ್ನು ಕಿತ್ತೆಸೆದ. ಯಾವ ಹೊಸಬ ಕೆಮ್ಮಿದರೂ, ಕುಂಟಿದರೂ, ಇದು ನಿಮಗಾ ಪಾತ್ರಕ್ಕಾ ಎಂದು ಎಲ್ಲರ ಮಧ್ಯೆಯೇ ಕೇಳತೊಡಗಿದ. ಹೊಸಬರು ತಬ್ಬಿಬ್ಬಾದರು. ಅಜ್ಜನಿಗೆ ಅರಳುಮರಳು, ಆಟ ಕೆಡಿಸುತ್ತಾನೆ ಎಂದು ಹಳಬರು ಬೇಸತ್ತು, ಹೊಸಬರನ್ನು ಸೇತುವೆಯ ಬಳಿ ಇಳಿಸುವ ಹಾಗೆ ಮಾಡಿಕೊಂಡರು. ಛತ್ರಕ್ಕೆ ಜನ ಬರುವುದು ನಿಂತೇಹೋಯಿತು.

ಒಂದು ಸಂಜೆ ದಾರಿ ತಪ್ಪಿ ಒಂದು ಪಾತ್ರ ಬಂತು. ಬೀದಿದೀಪ ಒರೆಸುವವನಂತೆ. ಮೆಟ್ಟಿಲ ಮೇಲೆ ಕೂತು, ಅಜ್ಜಾ, ಊಟ ಸೇರುತ್ತಿಲ್ಲ, ಬೆಳಿಗ್ಗೆ ಯಾಕೆ ಏಳಬೇಕೋ ಗೊತ್ತಾಗುತ್ತಿಲ್ಲ ಎಂದು ಬರೆಯಿತು. ಹಲ್ಲಣ್ಣ ಬಾವಿಯ ಹಿಂದಕ್ಕೆ ಕರೆದ. ಆ ಪಾತ್ರ ಬಂತು.

"ನಿಜ ಹೇಳಿ. ಇದು ನಿಮಗಾ, ಪಾತ್ರಕ್ಕಾ?"

ಉತ್ತರ ಬಂತು: "ಪಾತ್ರಕ್ಕೆ ಅಜ್ಜಾ. ಹಾಗೇ ಹೊಳೀತು."

ಆ ಮಾತನ್ನು ಹಲ್ಲಣ್ಣ ಒಮ್ಮೆ ಊಟಕ್ಕೆ ಕೂತಾಗ ಕೇಳಿದ್ದ. ಈಗಲೇ ಯಾರಿಗಾದರೂ ಹೇಳಿ, ಪಕ್ಕದ ಕೋಣೆಯಲ್ಲಿ ಯಾರಿದ್ದರೂ ಸರಿ, ಎದ್ದು ಹೋಗಿ ಬಾಯಿಬಿಟ್ಟು ಹೇಳಿ ಎಂದು ತಪ್ಪುತಪ್ಪಾಗಿ ಬರೆದು ಕಳಿಸಿದ. ಆ ಹೆಸರಿನವರು ಈಗ ಊರಿನಲ್ಲಿಲ್ಲ ಎಂದು ಪರದೆ ಉತ್ತರ ಕೊಟ್ಟಿತು.